ಮೂಗಿನ ಮೇಲೊಂದು ಮುಖವಾಡ

ನನ್ನ ಅಮ್ಮ ಕೂತಲ್ಲೇ ನಿದ್ದೆ ಹೋಗುತ್ತಿದ್ದಳು. ಮೊರದಲ್ಲಿ ಅಕ್ಕಿ ಆರಿಸುತ್ತ, ಬಾಳೆನಾರಿನಲ್ಲಿ ಹೂ ಕಟ್ಟುತ್ತ, ದೇವಸ್ಥಾನದಲ್ಲಿ ಹರಿಕಥೆ ಕೇಳುತ್ತ. ಒಮ್ಮೆಯಂತೂ ಯಾರದೋ ಮನೆಯ ಸೀಮಂತದಲ್ಲಿ ಆರತಿ ತಟ್ಟೆ ಹಿಡಿದುಕೊಂಡೇ ಕಣ್ಣು ಮುಚ್ಚಿದ್ದಳು. ರಾತ್ರಿಯಾದರೆ ಅವಳ ಗೊರಕೆಗೆ ಮನೆಯ ಹೆಂಚು ಅದುರಬೇಕು. ನೆಂಟರು ಬಂದ ದಿನ ಯಾರೂ ಹೇಳದೆಯೇ ಚಾಪೆ ಸುತ್ತಿಕೊಂಡು ಅಡುಗೆಮನೆಯಾಚೆಯ ಸೌದೆ ಕೋಣೆಗೆ ಹೋಗಿ ಮಲಗುತ್ತಿದ್ದಳು. ಅಪ್ಪನೂ ಗೊರಕೆ ಹೊಡೆಯುತ್ತಿದ್ದರು, ನಡುಮನೆಯಲ್ಲೇ. ಅವರಿಗೆ ಯಾರೂ ಚಾಪೆ ಸುತ್ತಲು ಹೇಳಿದ್ದು ನನಗೆ ನೆನಪಿಲ್ಲ.

"ಕುಂಭಕರ್ಣನ ತಂಗಿ" ಎಂದು ನಮ್ಮ ಸೋದರತ್ತೆ ಅಮ್ಮನನ್ನು ಆಡಿಕೊಳ್ಳುತ್ತಿದ್ದರು. ಕುಂಭಕರ್ಣನ ತಂಗಿ ಶೂರ್ಪನಖಿಯಲ್ಲವೇ, ಅವಳ ಕಷ್ಟವೆಲ್ಲ ಮೂಗಿಗೇ ಬಂತಲ್ಲವೇ ಎಂದು ಈಗ ನಗು ಬರುತ್ತದೆ. ಆಗ ನಗು ಬರುತ್ತಿರಲಿಲ್ಲ. 1996ರ ಕಾರ್ತಿಕದಲ್ಲಿ ಒಂದು ಬೆಳಗಿನ ಜಾವ ಅಮ್ಮ ಏಳಲಿಲ್ಲ. ಅವಳಿಗೆ ಐವತ್ತೊಂಬತ್ತು. ಹೃದಯ ನಿಂತಿತು ಅಂದರು ಡಾಕ್ಟರು. ನಿದ್ದೆಯಲ್ಲೇ ಹೋದಳು, ಪುಣ್ಯವಂತೆ ಅಂದರು ಊರಿನವರು. ನಾವೂ ಹಾಗೇ ಅಂದುಕೊಂಡೆವು.

ಇಪ್ಪತ್ತೆರಡು ವರ್ಷಗಳ ಮೇಲೆ, 2018ರಲ್ಲಿ, ಎಸ್.ಎಸ್.ಎಲ್.ಸಿ. ಮೌಲ್ಯಮಾಪನಕ್ಕೆ ಕೂತಿದ್ದೆ. ವಿಷಯ ಸಮಾಜ ವಿಜ್ಞಾನ. ಮಧ್ಯಾಹ್ನದ ಊಟವಾಗಿ ಅರ್ಧ ಗಂಟೆ ಕಳೆದಿರಬೇಕು. ಪಕ್ಕದ ಮೇಜಿನವರು ಮೊಣಕೈ ತಿವಿದಾಗ ಎಚ್ಚರವಾಯಿತು. ನೋಡಿದರೆ, ಯಾವುದೋ ಮಗು ಗುಂಡಗಿನ ಅಕ್ಷರದಲ್ಲಿ ಬರೆದ ಉತ್ತರದ ಮೇಲೆ ನನ್ನ ಕೆಂಪು ಪೆನ್ನು ಮೇಲಿನಿಂದ ಕೆಳಗಿನವರೆಗೆ ಗೆರೆ ಎಳೆದುಕೊಂಡು ಹೋಗಿತ್ತು. ಅದಕ್ಕೂ ಹಿಂದಿನ ಪುಟಕ್ಕೆ ಅಂಕ ಕೊಟ್ಟಿದ್ದೆ, ಆದರೆ ಓದಿದ ನೆನಪೇ ಇಲ್ಲ. ಇಪ್ಪತ್ತಾರು ವರ್ಷ ಪಾಠ ಮಾಡಿದವಳಿಗೆ ಆ ಹೊತ್ತು ಆದ ನಾಚಿಕೆಯನ್ನು ಏನೆಂದು ಹೇಳಲಿ! ಆ ಮಗುವಿನ ಒಂದು ವರ್ಷ ನನ್ನ ತೂಕಡಿಕೆಯ ಕೈಯಲ್ಲಿತ್ತು. ಮೇಲಿನವರ ಹತ್ತಿರ ಹೋಗಿ ನಿಜ ಹೇಳಿ, ಆ ದಿನದ ನನ್ನ ಕಟ್ಟನ್ನು ಇನ್ನೊಬ್ಬರಿಂದ ಮತ್ತೆ ನೋಡಿಸಿದೆ. ಅವರು "ಬಿಡಿ ಮೇಡಂ, ಸೆಕೆ" ಎಂದರು. ಸೆಕೆಯಲ್ಲ ಎಂದು ನನಗೆ ಗೊತ್ತಿತ್ತು. ಬೆಳಿಗ್ಗೆ ಎದ್ದಾಗಲೇ ತಲೆನೋವು, ರಾತ್ರಿ ಮೂರು ಸಲ ಬಚ್ಚಲಿಗೆ ಓಡಾಟ, ಹಗಲೆಲ್ಲ ಮೈಮೇಲೆ ಒದ್ದೆ ಕಂಬಳಿ ಹೊದೆಸಿದ ಹಾಗೆ. ಮುಟ್ಟು ನಿಲ್ಲುವ ಕಾಲ, ಎಲ್ಲ ಹೆಂಗಸರಿಗೂ ಹೀಗೇ ಎಂದು ನಾನೇ ಸಮಾಧಾನ ಹೇಳಿಕೊಂಡಿದ್ದೆ.

ರೋಗ ಕಂಡುಹಿಡಿದವಳು ನನ್ನ ತಂಗಿಯ ಮಗಳು. ನರ್ಸಿಂಗ್ ಓದುತ್ತಿದ್ದ ಹುಡುಗಿ. ಮದುವೆ ಮನೆಗಳಲ್ಲಿ ನಿಮಗೂ ಗೊತ್ತಲ್ಲ, ಕಲ್ಯಾಣ ಮಂಟಪದ ಮಹಡಿಯಲ್ಲಿ ಜಮಖಾನ ಹಾಸಿ ಹೆಂಗಸರೆಲ್ಲ ಸಾಲಾಗಿ ಮಲಗುತ್ತೇವೆ. ಅವಳು ನನ್ನ ಪಕ್ಕ. ಬೆಳಿಗ್ಗೆ ಕಾಫಿ ಲೋಟ ಹಿಡಿದು ಬಂದು, "ದೊಡ್ಡಮ್ಮ, ನೀನು ರಾತ್ರಿ ಉಸಿರಾಡೋದನ್ನೇ ನಿಲ್ಲಿಸ್ತೀಯ, ಗೊತ್ತಾ? ನಾನು ವಾಚು ಹಿಡಿದು ನೋಡಿದೆ. ಒಂದು ಸಲ ನಲವತ್ತು ಸೆಕೆಂಡು" ಅಂದಳು. ನನ್ನ ಮನೆಯವರು ಮೂವತ್ತು ವರ್ಷ ಪಕ್ಕದಲ್ಲಿ ಮಲಗಿದ್ದಾರೆ. ಅವರಿಗೆ ತಲೆ ದಿಂಬಿಗೆ ಮುಟ್ಟಿದರೆ ಬೆಳಗಾದಂತೆ.

ಪರೀಕ್ಷೆಗೆಂದು ಮಂಗಳೂರಿನ ಒಂದು ಆಸ್ಪತ್ರೆಗೆ ಹೋಗಿ ಒಂದು ರಾತ್ರಿ ಮಲಗಿದ್ದಾಯಿತು. ತಲೆಗೆ, ಗಲ್ಲಕ್ಕೆ, ಎದೆಗೆ, ಕಾಲಿಗೆ ತಂತಿ; ಬೆರಳಿಗೊಂದು ಕ್ಲಿಪ್ಪು. ತಲೆಗೆ ಎಣ್ಣೆ ಹಾಕದೆ ಬನ್ನಿ ಎಂದು ಮೊದಲೇ ತಾಕೀತಾಗಿತ್ತು. ವರದಿಯ ಪ್ರಕಾರ ಗಂಟೆಗೆ 38 ಸಲ ನನ್ನ ಉಸಿರು ನಿಲ್ಲುತ್ತಿತ್ತು ಅಥವಾ ಕುಗ್ಗುತ್ತಿತ್ತು. ಐದರೊಳಗಿದ್ದರೆ ಸರಿ, ಮೂವತ್ತು ದಾಟಿದರೆ ತೀವ್ರ ಎಂದು ಲೆಕ್ಕ. ನಿದ್ದೆ ಬಂದಾಗ ಗಂಟಲಿನ ಸ್ನಾಯುಗಳು ಸಡಿಲವಾಗಿ, ನಾಲಗೆಯ ಬುಡ ಹಿಂದಕ್ಕೆ ಜಾರಿ ದಾರಿ ಮುಚ್ಚುತ್ತದೆ. ಎದೆ ಎಳೆಯುತ್ತದೆ, ಗಾಳಿ ಬರುವುದಿಲ್ಲ. ರಕ್ತದ ಆಮ್ಲಜನಕ ಇಳಿದಾಗ ಮೆದುಳು ಗಾಬರಿಬಿದ್ದು ಕ್ಷಣ ಎಬ್ಬಿಸುತ್ತದೆ. ದೊಡ್ಡದೊಂದು ಗೊರಕೆಯೊಡನೆ ದಾರಿ ಬಿಡುತ್ತದೆ. ರಾತ್ರಿಯಿಡೀ ಇದೇ ಕೆಲಸ. ಮಲಗಿದವಳಿಗೆ ಒಂದೂ ನೆನಪಿರುವುದಿಲ್ಲ. ಸ್ಲೀಪ್ ಆಪ್ನಿಯಾ ಎಂದು ಇದರ ಹೆಸರು. ಚಿಕಿತ್ಸೆ ಸಿ-ಪ್ಯಾಪ್ ಎನ್ನುವ ಯಂತ್ರ: ರಾತ್ರಿ ಮೂಗಿಗೆ ಮಾಸ್ಕ್ ಕಟ್ಟಿಕೊಂಡು ಮಲಗಬೇಕು, ಯಂತ್ರ ಒಂದೇ ಸಮನೆ ಗಾಳಿ ತಳ್ಳುತ್ತಿರುತ್ತದೆ. ಬೆಲೆ ನನ್ನ ಒಂದು ತಿಂಗಳ ಸಂಬಳದಷ್ಟು.

2019ರ ಜೂನ್‌ನಲ್ಲಿ ಯಂತ್ರ ಸಾಗರದ ನಮ್ಮ ಮನೆಗೆ ಬಂತು. ಮೊದಲ ರಾತ್ರಿ ನನ್ನನ್ನು ನೋಡಿ ಇವರು, "ಮಾರಾಯ್ತಿ, ಯುದ್ಧವಿಮಾನ ಹಾರಿಸ್ಲಿಕ್ಕೆ ಹೊರಟ ಹಾಗಿದೆ" ಎಂದರು. ನನಗೆ ನಗಲಾಗಲಿಲ್ಲ. ಉಸಿರು ಬಿಡಹೋದರೆ ಎದುರುಗಾಳಿ. ಬಾಯಿ ತೆರೆದರೆ ಗಾಳಿಯೆಲ್ಲ ಬಾಯಿಂದ ಸೋರಿ ನಾಲಗೆ ಒಣಗಿದ ಅಡಿಕೆಪಟ್ಟಿ. ಸ್ವಲ್ಪ ಗಾಳಿ ಹೊಟ್ಟೆಗೂ ಇಳಿದು ಬೆಳಿಗ್ಗೆ ತೇಗು. ಕೆನ್ನೆಯ ಮೇಲೆ ಪಟ್ಟಿಯ ಗುರುತು ಎರಡನೆಯ ಪೀರಿಯಡ್ಡಿನವರೆಗೂ ಹೋಗುತ್ತಿರಲಿಲ್ಲ, "ಮಿಸ್, ಕೆನ್ನೆಗೆ ಏನಾಯ್ತು?" ಎಂದು ಮಕ್ಕಳು ಕೇಳಿದರೆ ಉತ್ತರವಿಲ್ಲ. ಇಪ್ಪತ್ತು ದಿನ ನೋಡಿದೆ. ಆಮೇಲೆ ಯಂತ್ರವನ್ನು ಅದರ ಚೀಲದಲ್ಲಿಟ್ಟು ಬೀರುವಿನ ಮೇಲೆ ಏರಿಸಿದೆ.

ಅದು ಕೆಳಗಿಳಿದದ್ದು ಡಿಸೆಂಬರಿನಲ್ಲಿ. ಒಲೆಯ ಮೇಲೆ ಹಾಲಿಟ್ಟು ಕುರ್ಚಿಯಲ್ಲಿ ಕೂತಿದ್ದೆ. ಹಾಲು ಉಕ್ಕಿ, ಉರಿ ಆರಿ, ಗ್ಯಾಸು ಸೋರುತ್ತಿತ್ತು. ನಾನು ಅಲ್ಲೇ ಮೂರಡಿ ದೂರದಲ್ಲಿ ಗೊರಕೆ ಹೊಡೆಯುತ್ತಿದ್ದೆ. ವಾಸನೆ ಬಂದು, ಎಂಬತ್ತರ ನಮ್ಮ ಅತ್ತೆಯವರು ಗೋಡೆ ಹಿಡಿದುಕೊಂಡು ಬಂದು ಒಲೆ ಆರಿಸಿ, ಕಿಟಕಿ ತೆರೆದು ನನ್ನನ್ನು ಎಬ್ಬಿಸಿದರು. ಬೈಯಲಿಲ್ಲ. "ಆ ಪೆಟ್ಟಿಗೆ ತೆಗಿ" ಎಂದಷ್ಟೇ ಅಂದರು.

ಇತಿಹಾಸದ ಮೇಷ್ಟ್ರಿಗೆ ಒಂದು ಚಟ ಇರುತ್ತದೆ. ಯಾವ ಸಾಮಾನು ಮನೆಗೆ ಬಂದರೂ ಅದು ಎಲ್ಲಿಂದ ಬಂತು ಎಂದು ಕೇಳದೆ ಸಮಾಧಾನವಿಲ್ಲ. ತಂಗಿಯ ಮಗಳು ತಂದುಕೊಟ್ಟ ಹಾಳೆಗಳನ್ನು ಓದುತ್ತ ಹೋದೆ. ಗೊರಕೆಯ ಬಗ್ಗೆ ಕವಿಗಳಿಗೆ ತಿಳಿದಷ್ಟು ವೈದ್ಯರಿಗೆ ತಿಳಿದಿರಲಿಲ್ಲ ಎನ್ನುವುದು ನನಗೆ ಮೊದಲು ಕಂಡದ್ದು. ವಾಲ್ಮೀಕಿಯ ಯುದ್ಧಕಾಂಡದಲ್ಲಿ ಕುಂಭಕರ್ಣನನ್ನು ಎಬ್ಬಿಸಲು ಹೋದ ರಾಕ್ಷಸರು ಅವನ ಉಸಿರಿನ ಗಾಳಿಗೆ ನಿಲ್ಲಲಾರದೆ ಹಿಂದಕ್ಕೆ ತಳ್ಳಲ್ಪಡುತ್ತಾರೆ. ಇಂಗ್ಲೆಂಡಿನ ಚಾರ್ಲ್ಸ್ ಡಿಕನ್ಸ್ 1836-37ರಲ್ಲಿ ಕಂತು ಕಂತಾಗಿ ಪ್ರಕಟಿಸಿದ 'ಪಿಕ್‌ವಿಕ್ ಪೇಪರ್ಸ್' ಕಾದಂಬರಿಯಲ್ಲಿ ಜೋ ಎಂಬ ದಪ್ಪ ಹುಡುಗ ಬರುತ್ತಾನೆ. ತಿನ್ನುವುದು, ನಿದ್ದೆ ಮಾಡುವುದು, ಗೊರಕೆ ಹೊಡೆಯುವುದು ಬಿಟ್ಟರೆ ಅವನಿಗೆ ಬೇರೆ ಕೆಲಸವಿಲ್ಲ. ಓದಿದವರೆಲ್ಲ ನಕ್ಕರು. ಇದು ರೋಗವಿರಬಹುದು ಎಂದು ಯಾರಿಗೂ ಬಲವಾಗಿ ಅನ್ನಿಸಲಿಲ್ಲ.

1956ರಲ್ಲಿ ಅಮೆರಿಕದ ಬರ್ವೆಲ್ ಮತ್ತು ಸಂಗಡಿಗರು ಒಬ್ಬ ಸ್ಥೂಲಕಾಯದ ವ್ಯಾಪಾರಿಯ ಕಥೆ ಬರೆದರು. ಐವತ್ತೊಂದು ವರ್ಷದ ಆತ ಇಸ್ಪೀಟಾಟದಲ್ಲಿ ಮೂರು ಎಕ್ಕ, ಎರಡು ರಾಜ ಕೈಯಲ್ಲಿ ಹಿಡಿದುಕೊಂಡೇ ನಿದ್ದೆಹೋಗಿ, ಗೆಲ್ಲುವ ಆಟ ಕಳೆದುಕೊಂಡ. ಆಮೇಲೆ ಆಸ್ಪತ್ರೆಗೆ ಸೇರಿದ. ದುಡ್ಡು ಹೋದಾಗ ಮನುಷ್ಯನಿಗೆ ಬುದ್ಧಿ ಬರುತ್ತದೆ ನೋಡಿ! ಆ ವೈದ್ಯರು ಡಿಕನ್ಸನ ಹುಡುಗನನ್ನು ನೆನೆದು ಇದಕ್ಕೆ 'ಪಿಕ್‌ವಿಕ್' ರೋಗವೆಂದೇ ಹೆಸರಿಟ್ಟರು. ಆದರೆ ಕಾರಣ ಸಿಗಲಿಲ್ಲ. ರಕ್ತದಲ್ಲಿ ಇಂಗಾಲಾಮ್ಲ ಹೆಚ್ಚಾಗಿ ಮಂಪರು ಬರುತ್ತದೆ ಎಂದುಕೊಂಡರು. ಇದರಲ್ಲೊಂದು ಸಣ್ಣ ತಮಾಷೆಯಿದೆ. ವೈದ್ಯರು ರೋಗಿಯನ್ನು ನೋಡುವುದು ಹಗಲಿನಲ್ಲಿ, ಆತ ಎಚ್ಚರವಾಗಿ ಕೂತಿರುವಾಗ. ಎಚ್ಚರವಿರುವ ಗಂಟಲು ಮುಚ್ಚುವುದೇ ಇಲ್ಲ. ರಾತ್ರಿ ಏನಾಗುತ್ತದೆಂದು ಬಲ್ಲವಳು ಪಕ್ಕದಲ್ಲಿ ಎಚ್ಚರವಾಗಿರುವ ಹೆಂಡತಿ. ಅವಳನ್ನು ಕೇಳಿದವರು ಕಡಿಮೆ.

ನಿದ್ದೆಯನ್ನೇ ಕೂತು ನೋಡುವ ಅಭ್ಯಾಸ ಶುರುವಾದದ್ದು ತಡವಾಗಿ. ಕನಸಿನ ಹೊತ್ತಿನಲ್ಲಿ ಮುಚ್ಚಿದ ರೆಪ್ಪೆಯ ಕೆಳಗೆ ಕಣ್ಣು ಸರಸರ ಓಡುತ್ತದೆ ಎಂದು ಷಿಕಾಗೋದ ಅಸೆರಿನ್‌ಸ್ಕಿ ಮತ್ತು ಕ್ಲೈಟ್‌ಮನ್ ಪ್ರಕಟಿಸಿದ್ದು 1953ರಲ್ಲಿ. 1965ರಲ್ಲಿ ಫ್ರಾನ್ಸಿನ ಗಾಸ್ಟೋ ತಂಡ ಮತ್ತು ಜರ್ಮನಿಯ ಯೂಂಗ್ ಹಾಗೂ ಕೂಲೋ, ಎರಡು ಕಡೆಯವರೂ ಬೇರೆ ಬೇರೆಯಾಗಿ ಇಂಥ ರೋಗಿಗಳನ್ನು ಮಲಗಿಸಿ, ತಂತಿ ಹಚ್ಚಿ, ಉಸಿರನ್ನು ಬರೆದುಕೊಂಡರು. ಆಗ ಕಂಡಿತು, ಉಸಿರು ಮತ್ತೆ ಮತ್ತೆ ನಿಲ್ಲುವುದು. 'ಸ್ಲೀಪ್ ಆಪ್ನಿಯಾ' ಎಂಬ ಹೆಸರನ್ನು ಬಳಕೆಗೆ ತಂದವರು ಅಮೆರಿಕದ ಸ್ಟ್ಯಾನ್‌ಫರ್ಡ್‌ನಲ್ಲಿದ್ದ ಗಿಲ್ಲೆಮಿನೋ, 1976ರ ಸುಮಾರಿಗೆ. ರೋಗ ಗೊತ್ತಾಯಿತು, ಮದ್ದು? ಒಂದೇ. ಕುತ್ತಿಗೆಯಲ್ಲಿ, ಗಂಟಲು ಕಟ್ಟುವ ಜಾಗಕ್ಕಿಂತ ಕೆಳಗೆ, ಶ್ವಾಸನಾಳಕ್ಕೆ ತೂತು ಕೊರೆದು ಕೊಳವೆ ಇಡುವುದು. ಹಗಲು ಅದಕ್ಕೆ ಬಿರಟೆ ಹಾಕಿಕೊಳ್ಳುವುದು, ರಾತ್ರಿ ಬಿರಟೆ ತೆಗೆದು ಮಲಗುವುದು. ನೀರಿಗೆ ಇಳಿಯುವ ಹಾಗಿಲ್ಲ, ಸ್ನಾನಕ್ಕೂ ಜಾಗ್ರತೆ. ನಿದ್ದೆಯೇನೋ ಬರುತ್ತಿತ್ತು. ನಾನು ಬೀರುವಿನ ಮೇಲೆ ಏರಿಸಿಟ್ಟ ಪೆಟ್ಟಿಗೆಯನ್ನು ಈ ಪುಟ ಓದುವಾಗ ಒಮ್ಮೆ ತಿರುಗಿ ನೋಡಿದೆ.

ಮುಂದಿನ ಅಧ್ಯಾಯ ಆಸ್ಟ್ರೇಲಿಯಾದ ಸಿಡ್ನಿಯದು. ಅಲ್ಲಿ ಕಾಲಿನ್ ಸಲಿವನ್ ಎಂಬ ವೈದ್ಯರು. ಅದಕ್ಕೂ ಮೊದಲು ಅವರು ಕೆನಡಾದ ಟೊರಾಂಟೊದಲ್ಲಿ ನಾಯಿಗಳ ನಿದ್ದೆಯ ಉಸಿರಾಟವನ್ನು ಅಧ್ಯಯನ ಮಾಡುತ್ತಿದ್ದರು. ಅದಕ್ಕಾಗಿ ನಾಯಿಯ ಮೂತಿಗೆ ಹೊಂದುವ ಮಾಸ್ಕುಗಳನ್ನು ಮಾಡಿದ್ದರು. ನನ್ನ ಮುಖವಾಡದ ವಂಶಾವಳಿ ನಾಯಿಯ ಮೂತಿಯಿಂದ ಎಂದು ಇವರಿಗೆ ಹೇಳಬಾರದೆಂದುಕೊಂಡಿದ್ದೆ, ಬರೆದೇಬಿಟ್ಟೆ. ಗಂಟಲು ಮೆತ್ತನೆಯ ಕೊಳವೆ, ಒಳಗಿನಿಂದ ಗಾಳಿ ತುಂಬಿ ಉಬ್ಬಿಸಿದರೆ ಮುಚ್ಚಲಾರದು, ಸೈಕಲ್ ಟ್ಯೂಬಿನ ಹಾಗೆ ಎಂಬುದು ಅವರ ಯೋಚನೆ. 1980ರಲ್ಲಿ, ಕುತ್ತಿಗೆಗೆ ತೂತು ಕೊರೆಸಿಕೊಳ್ಳಲು ಇಷ್ಟವಿಲ್ಲದ ಒಬ್ಬ ರೋಗಿ ಈ ಪ್ರಯೋಗಕ್ಕೆ ಒಪ್ಪಿದ. ಕಸ ಎಳೆಯುವ ವ್ಯಾಕ್ಯೂಮ್ ಕ್ಲೀನರಿನ ಮೋಟಾರನ್ನು, ಎಳೆಯುವ ಬದಲು ಊದುವ ಹಾಗೆ ಜೋಡಿಸಿದರು. ಒತ್ತಡ ಏರಿಸಿದಾಗ ಉಸಿರು ಸರಾಗ; ಇಳಿಸಿದರೆ ಮತ್ತೆ ಕಟ್ಟಿತು. ಮತ್ತೆ ಏರಿಸಿದರು. ಆತ ಅನೇಕ ವರ್ಷಗಳಲ್ಲಿ ಮೊದಲ ಬಾರಿಗೆ ರಾತ್ರಿಯಿಡೀ ನಿದ್ದೆ ಮಾಡಿದ. 1981ರ ಏಪ್ರಿಲ್‌ನಲ್ಲಿ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಐವರು ರೋಗಿಗಳ ವಿವರ ಪ್ರಕಟವಾಯಿತು. ಅವರಲ್ಲಿ ಒಂದು ಮಗುವೂ ಇತ್ತು, ಹದಿಮೂರರ ವಯಸ್ಸು, ನನ್ನ ಎಂಟನೆಯ ತರಗತಿಯ ಮಕ್ಕಳಷ್ಟು.

ಬೇಕಾದ ಒತ್ತಡ ಎಷ್ಟು ಅಂತೀರಿ? ನಾಲ್ಕೂವರೆಯಿಂದ ಹತ್ತು ಸೆಂಟಿಮೀಟರ್ ನೀರಿನಷ್ಟು. ಲೋಟದ ನೀರಿನಲ್ಲಿ ಹತ್ತು ಸೆಂಟಿಮೀಟರ್ ಆಳಕ್ಕೆ ಸ್ಟ್ರಾ ಅದ್ದಿ ಊದಿ ಗುಳ್ಳೆ ಎಬ್ಬಿಸಲು ಬೇಕಾಗುವ ಬಲ, ಅಷ್ಟೇ. ನನ್ನದು ಒಂಬತ್ತು. ಈ ಗಾಳಿಯನ್ನು ಸಲಿವನ್‌ಗಿಂತ ಮೊದಲೇ, 1971ರಲ್ಲಿ, ಸ್ಯಾನ್ ಫ್ರಾನ್ಸಿಸ್ಕೋದ ಜಾರ್ಜ್ ಗ್ರೆಗರಿ ಮತ್ತು ಸಂಗಡಿಗರು ತಿಂಗಳು ತುಂಬದೆ ಹುಟ್ಟಿ ಉಸಿರಾಡಲಾರದ ಕೂಸುಗಳಿಗೆ ಕೊಟ್ಟಿದ್ದರು. ಇಪ್ಪತ್ತು ಕೂಸುಗಳಲ್ಲಿ ಹದಿನಾರು ಉಳಿದವು. ನೀರಿನ ಬಾಟಲಿಯಲ್ಲಿ ಗುಳುಗುಳು ಗುಳ್ಳೆ ಬಿಡುವ ಅಂಥ ಸಾಧನ ಇಂದಿಗೂ ಎಳೆಕೂಸುಗಳ ವಾರ್ಡಿನಲ್ಲಿ ಕಾಣಸಿಗುತ್ತದೆ.

ಮೊದಲ ಕಾಲದ ಸಿಡ್ನಿ ರೋಗಿಗಳ ಪಾಡು ಓದಿದರೆ ನಾನು ದೂರುವ ಬಾಯಿ ಮುಚ್ಚಬೇಕು. ಒಬ್ಬೊಬ್ಬರ ಮೂಗಿನ ಅಚ್ಚು ತೆಗೆದು ಅವರವರಿಗೇ ಮಾಸ್ಕ್ ಮಾಡುತ್ತಿದ್ದರು. ದಿನಾ ರಾತ್ರಿ ಅದನ್ನು ಅಂಟು ಹಚ್ಚಿ ಮುಖಕ್ಕೆ ಮೆತ್ತಿಕೊಳ್ಳಬೇಕು, ಬೆಳಿಗ್ಗೆ ಕಿತ್ತುಕೊಳ್ಳಬೇಕು. ಮೋಟಾರಿನ ಸದ್ದು ಬೇರೆ. ಆದರೂ ಅವರು ಯಂತ್ರವನ್ನು ಮನೆಗೆ ಒಯ್ದರು, ವರ್ಷಗಟ್ಟಲೆ ಬಳಸಿದರು. ಅಂಟು ಹೋಗಿ ಪಟ್ಟಿ ಬಂತು, 1980ರ ದಶಕದಲ್ಲೇ ಕಂಪನಿಗಳು ಹುಟ್ಟಿದವು, ಯಂತ್ರ ಕುಗ್ಗಿ ನಮ್ಮ ಮಸಾಲೆ ಡಬ್ಬಿಯಷ್ಟಾಯಿತು. ಸದ್ದಡಗಿಸುವ ಸ್ಪಂಜು ಒಳಗೇ ಪುಡಿಯಾಗುತ್ತದೆಂದು 2021ರಲ್ಲಿ ದೊಡ್ಡ ಕಂಪನಿಯೊಂದು ಲಕ್ಷಗಟ್ಟಲೆ ಯಂತ್ರಗಳನ್ನು ವಾಪಸು ಕರೆಸಿಕೊಂಡದ್ದೂ ಇದೇ ಚರಿತ್ರೆಯ ಭಾಗ. ನನ್ನದು ಆ ಪಟ್ಟಿಯಲ್ಲಿರಲಿಲ್ಲ.

ಈ ಎಲ್ಲ ಕಥೆಯಲ್ಲೂ ರೋಗಿ ಎಂದರೆ ಗಂಡಸು. ವ್ಯಾಪಾರಿ, ದಪ್ಪ ಹುಡುಗ. ಹೆಂಗಸರನ್ನು ಎಣಿಸಿದ ದೊಡ್ಡ ಲೆಕ್ಕ ಬಂದದ್ದು 1993ರಲ್ಲಿ. ಅಮೆರಿಕದ ವಿಸ್ಕಾನ್ಸಿನ್‌ನಲ್ಲಿ ಟೆರಿ ಯಂಗ್ ಮತ್ತು ಸಂಗಡಿಗರು ಮೂವತ್ತರಿಂದ ಅರವತ್ತರ ವಯಸ್ಸಿನ 602 ನೌಕರರನ್ನು ಮಲಗಿಸಿ ಪರೀಕ್ಷಿಸಿದರು. ಗಂಟೆಗೆ ಐದು ಅಥವಾ ಹೆಚ್ಚು ಸಲ ಉಸಿರು ಕಟ್ಟುವವರು ಗಂಡಸರಲ್ಲಿ ನೂರಕ್ಕೆ 24, ಹೆಂಗಸರಲ್ಲಿ ನೂರಕ್ಕೆ 9. ಹಗಲು ನಿದ್ದೆಯ ಕಾಟವೂ ಸೇರಿದವರು ನೂರಕ್ಕೆ 4 ಮತ್ತು 2. ಹೆಂಗಸರು ಕಡಿಮೆ, ಆದರೆ ಇಲ್ಲವೇ ಇಲ್ಲ ಎನ್ನುವಷ್ಟಲ್ಲ. ಮುಟ್ಟು ನಿಂತ ಮೇಲೆ ನಮ್ಮ ಪಾಲು ಏರುತ್ತದೆ. ಗಂಡಸು ಗೊರಕೆಯೆಂದು ಹೋದರೆ ನಾವು ಸುಸ್ತು, ತಲೆನೋವು, ನಿದ್ದೆ ಬರುವುದಿಲ್ಲ ಎಂದು ಹೋಗುತ್ತೇವೆ. ಡಾಕ್ಟರು ಟಾನಿಕ್ ಬರೆದುಕೊಡುತ್ತಾರೆ. 1993ರಲ್ಲಿ ಅಮ್ಮ ಇನ್ನೂ ಇದ್ದಳು. ಸೌದೆ ಕೋಣೆಯಲ್ಲಿ ಅವಳ ಉಸಿರನ್ನು ಎಣಿಸಿದವರು ಯಾರೂ ಇಲ್ಲ. ಅವಳಿಗೆ ಇದೇ ರೋಗವಿತ್ತೆಂದು ನಾನು ಹೇಳಲಾರೆ, ಇರಲಿಲ್ಲವೆಂದೂ ಹೇಳಲಾರೆ.

ಡಿಸೆಂಬರಿನಿಂದ ಮತ್ತೆ ಶುರುಮಾಡಿದೆ. ಈ ಸಲ ಯಂತ್ರದ ಜೊತೆ ಜಗಳವಿಲ್ಲದೆ. ಸಂಜೆ ಟೆಸ್ಟ್ ಪೇಪರ್ ತಿದ್ದುವಾಗ ಮಾಸ್ಕ್ ಸುಮ್ಮನೆ ಕಟ್ಟಿಕೊಂಡು ಕೂರುವುದು, ಗಾಳಿಯಿಲ್ಲದೆ. ಒಂದು ವಾರದ ಮೇಲೆ ಗಾಳಿಯೊಡನೆ ಅರ್ಧ ಗಂಟೆ. ಆಮೇಲೆ ಮಧ್ಯಾಹ್ನದ ನಿದ್ದೆಗೆ. ಮೊದಲು ಕಡಿಮೆ ಒತ್ತಡದಲ್ಲಿ ಶುರುವಾಗಿ ಮೆಲ್ಲನೆ ಏರುವ ಏರ್ಪಾಡು ಯಂತ್ರದಲ್ಲೇ ಇದೆ ಎಂದು ಆಗ ಗೊತ್ತಾಯಿತು. ಪಟ್ಟಿ ಬಿಗಿದಷ್ಟೂ ಒಳ್ಳೆಯದೆಂದು ತಿಳಿದಿದ್ದೆ, ತಪ್ಪು. ಸಡಿಲ ಮಾಡಿದಾಗಲೇ ಸರಿಯಾಗಿ ಕೂತಿತು. ರಾತ್ರಿ ಮುಖಕ್ಕೆ ಕೊಬ್ಬರಿಎಣ್ಣೆ ಸವರುವ ರೂಢಿ ಬಿಟ್ಟೆ, ಎಣ್ಣೆಗೆ ಮಾಸ್ಕ್ ಜಾರುತ್ತದೆ. ಬೆಳಿಗ್ಗೆ ಎದ್ದು ಲೋಟ ತೊಳೆಯುವ ಹಾಗೆ ಅದನ್ನೂ ಮೆದು ಸೋಪಿನಲ್ಲಿ ತೊಳೆದು ನೆರಳಲ್ಲಿ ಒಣಗಿಸುತ್ತೇನೆ. ನಮ್ಮ ಮಲೆನಾಡಿನ ಮಳೆಗಾಲದ ಥಂಡಿಗೆ ಕೊಳವೆಯೊಳಗೆ ನೀರು ಹನಿಗಟ್ಟಿ ಮೂಗಿಗೆ ತೊಟ್ಟಿಕ್ಕುತ್ತಿತ್ತು. ಕೊಳವೆಗೆ ಹಳೆಯ ಸ್ವೆಟರಿನ ತೋಳು ಹೊಲಿದು ತೊಡಿಸಿದ ಮೇಲೆ ನಿಂತಿತು. ಮೂರು ತಿಂಗಳಲ್ಲಿ, 2020ರ ಮಾರ್ಚ್ ಹೊತ್ತಿಗೆ, ಊರಿಗೆ ಊರೇ ಮಾಸ್ಕ್ ಹಾಕಿಕೊಂಡಿತು. ನನ್ನೊಬ್ಬಳದೇ ವಿಚಿತ್ರ ಎಂಬ ಸಂಕೋಚ ಅರ್ಧ ಅಲ್ಲೇ ಕಳೆಯಿತು.

ಉಳಿದದ್ದು ಮೂಗುಬೊಟ್ಟು. ಸಿಡ್ನಿಯ ಗಂಡಸರ ಮೂಗಿನ ಅಚ್ಚಿನಲ್ಲಿ ಮೂಗುಬೊಟ್ಟಿರಲಿಲ್ಲ! ಎಡಹೊಳ್ಳೆಯ ಬಿಳಿಹರಳು ಮಾಸ್ಕಿನ ಅಂಚಿಗೆ ತಾಗಿ, ಅಲ್ಲಿಂದ ಗಾಳಿ ಸೋರಿ, ರಾತ್ರಿಯಿಡೀ ಕಣ್ಣಿಗೆ ಊದುತ್ತಿತ್ತು. ಹೊಳ್ಳೆಯ ಕೆಳಗಷ್ಟೇ ಕೂರುವ ಇನ್ನೊಂದು ಬಗೆಯ ಮಾಸ್ಕ್ ತರಿಸಿದೆ, ಒಳಗೆ ಹುಣ್ಣಾಯಿತು. ಬಿಚ್ಚಿಡಬೇಕೆಂದರೆ ಅದು ಅಮ್ಮನದು. ಅವಳು ಹೋದ ದಿನ ಅವಳ ಮೂಗಿನಿಂದ ತೆಗೆದದ್ದು, ಹದಿಮೂರನೆಯ ದಿನ ಅಪ್ಪ ನನ್ನ ಕೈಗಿಟ್ಟದ್ದು. ಅಂದಿನಿಂದ ಒಂದು ರಾತ್ರಿಯೂ ತೆಗೆದವಳಲ್ಲ. ಅದೂ ಅಲ್ಲದೆ, ಮುತ್ತೈದೆ ಬೋಳು ಮೂಗಿನಲ್ಲಿ ಮಲಗುವುದೆಂದರೆ ಅತ್ತೆಯವರು ಏನನ್ನುತ್ತಾರೋ ಎಂದು ಹಿಂಜರಿದೆ. ಒಂದು ರಾತ್ರಿ ಕನ್ನಡಿಯ ಮುಂದೆ ತಿರುಪು ಬಿಚ್ಚಲು ಒದ್ದಾಡುತ್ತಿದ್ದಾಗ ಅವರು ಬಾಗಿಲಲ್ಲಿ ನಿಂತು ನೋಡಿದರು. ಏನೂ ಅನ್ನದೆ ಒಳಗೆ ಹೋದರು. ಬಂದಾಗ ಕೈಯಲ್ಲಿ ಒಂದು ಪುಟ್ಟ ಬೆಳ್ಳಿ ಭರಣಿ. ಅವರ ಕುಂಕುಮದ ಭರಣಿ. ಮಾವನವರು ತೀರಿದ 2009ರಿಂದ ಖಾಲಿ. "ಇದರಲ್ಲಿ ಇಡು. ಬೆಳಿಗ್ಗೆ ಹುಡುಕೋದು ಬೇಡ" ಎಂದರು.

ಈಗ ನನಗೆ ಐವತ್ತೇಳು. ರಾತ್ರಿ ಹತ್ತಕ್ಕೆ ಮೂಗುಬೊಟ್ಟು ಭರಣಿಗೆ, ಮಾಸ್ಕ್ ಮೂಗಿಗೆ. ತಲೆನೋವು ಹೋಗಿದೆ, ರಾತ್ರಿ ಏಳುವುದು ಒಂದು ಸಲಕ್ಕೆ ಇಳಿದಿದೆ. ಮಧ್ಯಾಹ್ನದ ಕೊನೆಯ ಪೀರಿಯಡ್ಡಿನಲ್ಲಿ ಈಗ ತೂಕಡಿಸುವವರು ಮಕ್ಕಳು ಮಾತ್ರ.

ಹೋದ ಆಷಾಢದಲ್ಲಿ ಒಂದು ರಾತ್ರಿ ಗಾಳಿಮಳೆಗೆ ಮರ ಬಿದ್ದು ಕರೆಂಟು ಹೋಯಿತು. ಇನ್ವರ್ಟರ್ ಕೂಡ ಕೈಕೊಟ್ಟಿತ್ತು. ಯಂತ್ರ ನಿಂತಿತು, ನನಗೆ ಎಚ್ಚರವಾಯಿತು. ಕಣ್ಣು ಬಿಟ್ಟರೆ, ತಲೆ ದಿಂಬಿಗೆ ಮುಟ್ಟಿದರೆ ಬೆಳಗಾಗುವ ನಮ್ಮ ಮನೆಯವರು ಹಾಸಿಗೆಯ ಮೇಲೆ ಎದ್ದು ಕೂತಿದ್ದಾರೆ, ಕೈಯಲ್ಲಿ ಟಾರ್ಚು.

"ಸದ್ದು ನಿಂತೋಯ್ತಲ್ಲ, ಅದಕ್ಕೇ" ಎಂದರು.